ಗೋದಲಿಯ ಹೊಲ ಕೊನೆಗೂ ಹಸಿರಾಯಿತು

ಬಳ್ಳಾರಿಯ ನಮ್ಮ ಮನೆಯಲ್ಲಿ ಕ್ರಿಸ್‌ಮಸ್‌ಗೆ ಗೊಂಬೆಗಳನ್ನಿಟ್ಟು ಮಾಡುವ ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆ) ಮುಂದೆ ಹಸಿರು ಹೊಲ ಬೇಕೇ ಬೇಕು, ಅದಕ್ಕೆ ತಟ್ಟೆಯಲ್ಲಿ ಗೋಧಿ ಬಿತ್ತುತ್ತೇವೆ. ಎರಡು ವರ್ಷ ಪೈರು ಬರಲೇ ಇಲ್ಲ. ಬಿಸಿಲು ಜಾಸ್ತಿ ಅಂದುಕೊಂಡಿದ್ದೆ. ನೋಡಿದರೆ ಮಗಳು ದಿನಾ ಮಣ್ಣು ಕೆದಕಿ ‘ಬಂತಾ?’ ಅಂತ ನೋಡುತ್ತಿದ್ದಳು, ಎಳೆ ಬೇರೇ ಕಿತ್ತುಬರುತ್ತಿತ್ತು!

ಈ ಸಲ ಡಿಸೆಂಬರ್ 14ಕ್ಕೆ, ರಾತ್ರಿಯಿಡೀ ನೆನೆಸಿದ ಕಾಳು ಹರಡಿ, ಮೇಲೆ ತೆಳ್ಳಗೆ ಮಣ್ಣು ಉದುರಿಸಿ, ಒದ್ದೆ ಬಟ್ಟೆ ಮುಚ್ಚಿ, ಕೈಯಿಂದಲೇ ನೀರು ಚಿಮುಕಿಸುತ್ತಾ ಬಂದೆ. ಬಿಳಿ ಮೊನೆ ಕಂಡ ಮೇಲೆ ಬಟ್ಟೆ ತೆಗೆದು ಕಿಟಕಿ ಹತ್ತಿರ ಇಟ್ಟೆ. ಮಗಳನ್ನು ತಡೆದದ್ದು ಅವಳಜ್ಜಿ: ‘ಕ್ರಿಸ್‌ಮಸ್‌ಗೆ ಮೊದಲಿನ ಈ ಆಗಮನ ಕಾಲ ಅಂದ್ರ ಕಾಯೋದು ನೋಡವ್ವಾ, ಕಾಳು ಮಣ್ಣಿಗೆ ಬಿದ್ದು ಸತ್ತರೇನೇ ಫಲ ಅಂತ ಯೇಸುಸ್ವಾಮಿ ಹೇಳಿಲ್ಲೇನು?’ ಮಗಳು ಸುಮ್ನೆ ಪಕ್ಕ ಕೂತು ಕಾಳಿಗೆ ಜೋಗುಳ ಹಾಡಿದಳು. ನನಗೆ ಅದೇ ಪ್ರಾರ್ಥನೆ ಅನ್ನಿಸಿತು.

24ರ ರಾತ್ರಿ ಬಾಲಯೇಸುವನ್ನು ಇಡುವಾಗ ಪೈರಲ್ಲಿ ಕುರಿಗಳು ಅರ್ಧ ಮುಳುಗಿದ್ದವು.