ಗುಜರಿ ಫ್ರೇಮಿನಲ್ಲಿ ಆಗುಂಬೆ ಘಾಟಿ

"ಗುಜರಿ ಸೈಕಲ್ ಫ್ರೇಮಿಗೆ ದುಡ್ಡು ಸುರಿಯೋದು ಬಿಟ್ಟು ಸಾಲ ಮಾಡಿ ಗ್ರಾವೆಲ್ ಬೈಕ್ (ಕಚ್ಚಾ ರಸ್ತೆಗೂ ಆಗುವ ಹೊಸ ಸೈಕಲ್) ತಗೋ ಮಾರಾಯ" ಅಂದವರೇ ಜಾಸ್ತಿ. ಅದೇ ಫ್ರೇಮು ಈಗ ಹದಿನೆಂಟು ಕಿಲೋ ಸಾಮಾನು ಹೊತ್ತು ಸೋಮೇಶ್ವರದಿಂದ ಆಗುಂಬೆಯ 14 ತಿರುವೂ ಹತ್ತಿದೆ. ಎಲ್ಲೂ ಇಳಿದು ತಳ್ಳಿಲ್ಲ.

ಮೊದಲು ಕೈಕೊಟ್ಟವುಗಳ ಕತೆ. ಹಳೇ 28 ಇಂಚಿನ ಸೈಕಲ್ ಪುಕ್ಕಟೆ ಸಿಕ್ಕಿತ್ತು. ಗಟ್ಟಿಯೇ. ಆದರೆ ರಾಡ್ ಬ್ರೇಕು, ಸ್ಟೀಲ್ ರಿಮ್ಮು. ಮಳೆಯಲ್ಲಿ ಬ್ರೇಕ್ ಹಿಡಿದರೂ ಬಿಟ್ಟರೂ ಒಂದೇ. ಗೇರು, ಕೇಬಲಿನ ವಿ-ಬ್ರೇಕು ಕೂರಿಸಲು ಲೆಕ್ಕ ಹಾಕಿದರೆ ಆರೇಳು ಸಾವಿರ. ಬಿಟ್ಟೆ.

ಆಮೇಲೆ ಐದು ಸಾವಿರಕ್ಕೆ ಅಲ್ಯೂಮಿನಿಯಂ ಎಂಟಿಬಿ, ಅಂದರೆ ಮೌಂಟೇನ್ ಬೈಕು. ಸಸ್ಪೆನ್ಷನ್ ತೆಗೆದು ಗಿಡ್ಡ ಫೋರ್ಕ್ (ಮುಂದಿನ ಚಕ್ರ ಹಿಡಿಯುವ ಕವಲು) ಹಾಕಿದರೆ ಮೂತಿ ಕೆಳಗಾಯಿತು. ಹ್ಯಾಂಡಲ್ ನಿಲ್ಲುತ್ತಿರಲಿಲ್ಲ, ಹೊಂಡದ ಅಂಚಿಗೆ ಪೆಡಲ್ ತಾಗುತ್ತಿತ್ತು. ಕ್ಯಾರಿಯರ್‌ಗೆ ತೂತೇ ಇಲ್ಲ! ಕ್ಲಾಂಪ್ ಹಾಕಿ ಬಿಗಿದದ್ದು ಹುಲಿಕಲ್ ಘಾಟಿ ಇಳಿಯುವಾಗ ಜಾರಿತು. ಬ್ಯಾಗು ಚಕ್ರಕ್ಕೆ ಸಿಕ್ಕಿ ಕಡ್ಡಿಗಳು ಹೋದವು. ಮಾರಿದಾಗ ಮೂರೂವರೆ ಬಂತು.

ಗೆದ್ದದ್ದು ತೊಂಬತ್ತರ ದಶಕದ ಸ್ಟೀಲ್ ಎಂಟಿಬಿ ಫ್ರೇಮು, ಸಸ್ಪೆನ್ಷನ್ ಇಲ್ಲದ್ದು. ಫೋರ್ಕ್ ಸಮೇತ ಸಾವಿರದ ಐನೂರೋ ಏನೋ ಕೊಟ್ಟೆ. ಸ್ಟಿಕರ್ ಉದುರಿತ್ತು. ತೆಳುವಾದರೂ ಗಟ್ಟಿಯಾದ ಕ್ರೋಮೋಲಿ ಸ್ಟೀಲೋ, ಬರೀ ಅಗ್ಗದ, ಭಾರದ ಹೈಟೆನ್ನೋ? ಜೇಬಲ್ಲಿ ದಪ್ಪ ಅಳೆಯುವ ಕ್ಯಾಲಿಪರ್ ಇದ್ದರೆ ಸಾಕು. ಸೀಟ್ ಟ್ಯೂಬ್ (ಫ್ರೇಮಿನಲ್ಲಿ ಸೀಟಿನ ಕೆಳಗಿನ ಟ್ಯೂಬು) ಹೊರಗೆ 28.6 ಮಿ.ಮೀ. ಇದ್ದು, ಒಳಗೆ 27.2ರ ಸೀಟ್ ಪೋಸ್ಟ್ (ಸೀಟಿನ ಕಂಬ) ಕೂತರೆ ಟ್ಯೂಬಿನ ದಪ್ಪ ಬರೀ 0.7. ಅಗ್ಗದ ಸ್ಟೀಲನ್ನು ಅಷ್ಟು ತೆಳು ಮಾಡುವವರು ಕಡಿಮೆ. 25.4 ಕೂತರೆ ದಪ್ಪ 1.6, ಅದು ನೀರಿನ ಪೈಪು. ವಾಪಸ್ ಇಡಿ.

ಬಾಟಮ್ ಬ್ರಾಕೆಟ್ (ಪೆಡಲಿನ ಅಚ್ಚು ಕೂರುವ ಜಾಗ) ಬಿಚ್ಚಿಸಿ ನೋಡದೆ ದುಡ್ಡು ಕೊಡಬೇಡಿ. ನಮ್ಮ ಮಳೆಗೆ ನೀರೆಲ್ಲ ಇಳಿದು ನಿಲ್ಲುವುದು ಅಲ್ಲೇ. ಸ್ಕ್ರೂಡ್ರೈವರಲ್ಲಿ ಕೆರೆದಾಗ ತುಕ್ಕು ಪುಡಿಯಾಗಿ ಉದುರಿದರೆ ಪರವಾಗಿಲ್ಲ, ಗುಳಿ ಬಿದ್ದಿದ್ದರೆ ಬೇಡ. ಚೈನ್ ಸ್ಟೇ (ಅಲ್ಲಿಂದ ಹಿಂದಿನ ಚಕ್ರಕ್ಕೆ ಹೋಗುವ ಟ್ಯೂಬು) 43-44 ಸೆಂ.ಮೀ. ಇರಲಿ, ಇಲ್ಲದಿದ್ದರೆ ಹಿಮ್ಮಡಿ ಬ್ಯಾಗಿಗೆ ಬಡಿಯುತ್ತದೆ. ಹಿಂದಿನ ಚಕ್ರ ಕೂರುವ ಜಾಗ 135 ಮಿ.ಮೀ. ಅಗಲ ಇದ್ದರೆ ಹಬ್ (ಚಕ್ರದ ನಡುಭಾಗ) ಹುಡುಕುವ ತಲೆನೋವಿಲ್ಲ. 26 ಇಂಚಿನ ಚಕ್ರ ಹಳೇದಾಯ್ತು ಅಂತಾರೆ. ಇರಬಹುದು. ತೀರ್ಥಹಳ್ಳಿ, ಹೊಸನಗರದ ಅಂಗಡಿಯಲ್ಲಿ ಕೈಗೆ ಸಿಗುವ ಟೈರು ಅದೇ ಅಲ್ವಾ?

ಫೋರ್ಕಿಗೆ ಕ್ಯಾರಿಯರ್ ಬಿಗಿಯುವ ಕಿವಿ ಹಚ್ಚಿಸಿದೆ, ಹಿತ್ತಾಳೆ ವೆಲ್ಡಿಂಗಲ್ಲಿ. ಆರ್ಕ್ ಹೊಡೆಸಿದರೆ ತೆಳು ಟ್ಯೂಬ್ ಸುಟ್ಟು ತೂತಾಗುತ್ತದೆ. ಟ್ಯೂಬಿನೊಳಗೆ ಮೇಣ ಮತ್ತು ಒಂದು ಎಣ್ಣೆ ಬಿಸಿ ಮಾಡಿ ಸುರಿದಿದ್ದೇನೆ. ಯಾವ ಎಣ್ಣೆ ಅಂತ ಹೇಳಲ್ಲ. ಮಳೆಗಾಲ ಕಳೆದ ಮೇಲೂ ಒಳಗೆ ತುಕ್ಕಿನ ಕೆಂಪು ಕಂಡಿಲ್ಲ.

ಈ ನಡುವೆ ಸುಮ್ನೆ ಅಡಿಕೆ ಹಾಳೆಯಲ್ಲಿ ಮಡ್‌ಗಾರ್ಡ್ ಮಾಡಿ ನೋಡಿದೆ. ತೂಕವೇ ಇಲ್ಲ, ನೋಡಲೂ ಚೆಂದ. ಮೊದಲ ಜಡಿಮಳೆಗೆ ಮೆತ್ತಗಾಗಿ ಟೈರಿಗೆ ಅಂಟಿಕೊಂಡಿತು. ಬಿಸಿಲಿಗೆ ಸುರುಳಿ ಸುತ್ತಿತು. ವಾರ್ನಿಷ್ ಹಚ್ಚಿದ್ದು ಸ್ವಲ್ಪ ತಡೆಯಿತು, ಆದರೂ ಕೊನೆಗೆ ಪ್ಲಾಸ್ಟಿಕ್‌ದೇ ಹಾಕಿದೆ.

ಖರ್ಚು ನೆನಪಿದ್ದಷ್ಟು: ವೆಲ್ಡಿಂಗು, ಪೇಂಟು ಎರಡೂವರೆ ಸಾವಿರ. ಚಕ್ರ, ಟೈರು ಆರು. ಸೆಕೆಂಡ್ ಹ್ಯಾಂಡ್ ಟ್ರಿಪಲ್ ಕ್ರ್ಯಾಂಕು (ಪೆಡಲ್ ಬಳಿಯ ಮೂರು ಹಲ್ಲುಚಕ್ರ), ಕ್ಯಾಸೆಟ್ಟು (ಹಿಂದಿನ ಹಲ್ಲುಚಕ್ರಗಳು), ಡಿರೇಲರ್ (ಗೇರು ಬದಲಿಸುವುದು) ನಾಲ್ಕೂವರೆ. ಬ್ರೇಕು, ಕ್ಯಾರಿಯರ್ ಮೂರು. ಫ್ರೇಮೂ ಸೇರಿ ಹದಿನೆಂಟರ ಆಸುಪಾಸು. ಘಾಟಿ ಹತ್ತಲು ಕ್ರ್ಯಾಂಕಿನ 22 ಹಲ್ಲಿಗೆ ಹಿಂದೆ 34 ಹಲ್ಲು ಬೇಕೇ ಬೇಕು, ಅಲ್ಲಿ ಜುಗ್ಗತನ ಮಾಡಬೇಡಿ.

ಯಾವ ಗುಜರಿ ಅಂತ ಮಾತ್ರ ಕೇಳಬೇಡಿ. ಅಲ್ಲಿ ಇನ್ನೊಂದು 27.2ರ ಫ್ರೇಮು ಬಿದ್ದಿದೆ, ಅದು ನನ್ನ ತಮ್ಮನಿಗೆ.