ದಿನಕ್ಕೆ 12 ಮಗ್ಗುಲು

ಅಮ್ಮನಿಗೆ ಲಕ್ವ ಹೊಡೆದು ಎರಡೂವರೆ ವರ್ಷವಾಯಿತು. ಪೆಟ್ಟಾಗಿದ್ದು ಮೆದುಳಿನ ಎಡಭಾಗಕ್ಕೆ. ಹಾಗಾಗಿ ಬಲಗೈ, ಬಲಗಾಲಿನ ಜೊತೆ ಮಾತೂ ಹೋಯಿತು. ನಾನು ಒಬ್ಬಳೇ ಮಗಳು, ಮೈಸೂರಿನ ಮನೆಯಲ್ಲೇ ಕೂತು ನಾಲ್ಕಾರು ಅಂಗಡಿಗಳ ಲೆಕ್ಕ ಬರೆಯುತ್ತೇನೆ. ಅಮ್ಮನನ್ನು ನೋಡಿಕೊಳ್ಳುವವರು ಯಾರು ಅನ್ನುವ ಪ್ರಶ್ನೆಯೇ ಏಳಲಿಲ್ಲ.

ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಬೇಕು. ಇಲ್ಲದಿದ್ದರೆ ಹಿಮ್ಮಡಿ, ಸೊಂಟ, ಬೆನ್ನಬುಡ, ಹೀಗೆ ಮೂಳೆ ಒತ್ತುವ ಕಡೆಯೆಲ್ಲ ರಕ್ತ ಓಡದೆ ಹುಣ್ಣಾಗುತ್ತದೆ. ಗೋಡೆಯ ಕ್ಯಾಲೆಂಡರಿನಲ್ಲಿ ಗೆರೆ ಎಳೆದು ಸಲಕ್ಕೊಂದು ಟಿಕ್ ಹಾಕುತ್ತಿದ್ದೆ. ತಪ್ಪಿದ್ದಕ್ಕೆ ಕೆಂಪು ಪೆನ್ನಿನ ಸುತ್ತು. ಲೆಕ್ಕದವಳ ಬುದ್ಧಿ, ಎಲ್ಲಿಗೆ ಹೋಗುತ್ತದೆ?

ಮೂರನೇ ತಿಂಗಳು. ಒಂದು ನಡುರಾತ್ರಿ ಎದ್ದು ನೋಡಿದರೆ ಅಮ್ಮ ಮೂಗಿನ ನಳಿಗೆಯನ್ನು ಎಡಗೈಯಲ್ಲಿ ಕಿತ್ತು ಹಾಕಿದ್ದಳು. ದಿಂಬೆಲ್ಲ ಗಂಜಿ. "ಒಂದೇ ಸಲ ನನ್ನ ಸಾಯಿಸಿಬಿಡು, ಆಮೇಲೆ ಹಾಯಾಗಿರು" ಅಂತ ಕಿರುಚಿದೆ. ತಿರುಗಿ ಹೇಳಲು ಅವಳಿಗೆ ಮಾತಿರಲಿಲ್ಲ. ಮುಖ ಗೋಡೆಯ ಕಡೆ ಹೊರಳಿಸಿದಳು, ಅಷ್ಟೆ.

ಅದೇ ವಾರ ಮೈ ಒರೆಸುವಾಗ ಬೆನ್ನಬುಡದಲ್ಲಿ ಎರಡು ರೂಪಾಯಿ ನಾಣ್ಯದಷ್ಟು ಅಗಲದ ಕೆಂಪು ಕಂಡಿತು. ಬೆರಳಿಂದ ಒತ್ತಿದಾಗ ಚರ್ಮ ಒಂದು ಗಳಿಗೆ ಬೆಳ್ಳಗಾದರೆ ಭಯವಿಲ್ಲ. ಒತ್ತಿದೆ. ಕೆಂಪು ಕೆಂಪಾಗಿಯೇ ಇತ್ತು. ಇನ್ನೊಂದು ಸಲ ಒತ್ತಿದೆ.

ಆ ಹೊತ್ತಿಗೆ ನನ್ನ ತಲೆಯೊಳಗೆ ಒಂದು ಬಾಯಿ ತೆರೆದುಕೊಂಡಿತು ನೋಡಿ. "ಹೆತ್ತವಳನ್ನ ಹೊರಳಿಸೋಕೂ ಯೋಗ್ಯತೆ ಇಲ್ವೇನೇ, ದರಿದ್ರದೋಳೇ." ಪಾತ್ರೆ ತೊಳೆಯುವಾಗ, ಜಿಎಸ್‌ಟಿ ರಿಟರ್ನ್ ತುಂಬುವಾಗ, ಸ್ನಾನ ಮಾಡುವಾಗ, ಬಿಡುವೇ ಇಲ್ಲ. ಈ 'ಏನೇ', ಈ 'ದರಿದ್ರ', ಜನ್ಮದಲ್ಲಿ ನಾನು ಇನ್ಯಾರಿಗೂ ಅಂದದ್ದಲ್ಲ.

ನಳಿಗೆ ಹಾಕಲು ಬರುತ್ತಿದ್ದ ನರ್ಸ್‌ಗೆ ಹುಣ್ಣು ತೋರಿಸುವಾಗ ಕಳ್ಳಿಯ ಹಾಗೆ ನಿಂತಿದ್ದೆ. ಅವರು ಗ್ಲೌಸ್ ಏರಿಸಿಕೊಳ್ಳುತ್ತ, "ವಾರ್ಡಲ್ಲಿ ಇದನ್ನ ನಾವು ಮೂರು ಶಿಫ್ಟಲ್ಲಿ ಮಾಡ್ತೀವಿ ಮೇಡಂ. ಆದ್ರೂ ನಮ್ಮಲ್ಲೂ ಆಗುತ್ತೆ" ಅಂದರು. ಸಮಾಧಾನ ಹೇಳುವ ದನಿಯೇ ಅಲ್ಲ, ಹವೆಯ ಬಗ್ಗೆ ಹೇಳಿದ ಹಾಗೆ. ಅವರು ಹೋದ ಮೇಲೆ ಕ್ಯಾಲೆಂಡರ್ ಮುಂದೆ ನಿಂತು ಎಣಿಸಿದೆ. ದಿನಕ್ಕೆ 12, ವಾರಕ್ಕೆ 84. ಕೆಂಪು ಸುತ್ತು 5. ಉಳಿದ 79 ಟಿಕ್ಕುಗಳನ್ನು ಅಲ್ಲಿಯತನಕ ಒಂದು ದಿನವೂ ಎಣಿಸಿರಲಿಲ್ಲ. ಇಷ್ಟು ಕೆಟ್ಟ ಲೆಕ್ಕ ಗಿರಾಕಿಗಳಿಗೆ ಕೊಟ್ಟಿದ್ದರೆ ನನ್ನನ್ನು ಓಡಿಸುತ್ತಿದ್ದರು.

ಆಮೇಲೆ, ತನ್ನನ್ನೇ ಬೈದುಕೊಳ್ಳದೆ ತನ್ನ ಮೇಲೆ ತಾನು ಕರುಣೆ ಇಟ್ಟುಕೊಳ್ಳುವುದರ ಬಗ್ಗೆ ಒಂದಿಷ್ಟು ಓದಿದೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಕ್ರಿಸ್ಟಿನ್ ನೆಫ್ 2003ರಲ್ಲಿ ಇದನ್ನು ಮೂರು ಎಳೆಯಾಗಿ ಬಿಡಿಸಿಟ್ಟರು: ತನ್ನ ಮೇಲೆ ತನಗೆ ದಯೆ, ಇದು ಎಲ್ಲರಿಗೂ ಆಗುವಂಥದ್ದು ಎಂಬ ಅರಿವು, ನೋವನ್ನು ಇದ್ದಷ್ಟೇ ನೋಡುವುದು. ನರ್ಸಮ್ಮನ "ನಮ್ಮಲ್ಲೂ ಆಗುತ್ತೆ" ಎರಡನೆಯದನ್ನು ಪುಕ್ಕಟೆ ಕೊಟ್ಟಿತ್ತು. ಮೊದಲನೆಯದಕ್ಕೆ ಎದೆಯ ಮೇಲೆ ಕೈಯಿಟ್ಟು ಮೆತ್ತಗೆ ಮಾತಾಡಿಕೊಳ್ಳಿ ಅನ್ನುತ್ತಾರೆ. ಮಾಡಿದೆ. ನಾಟಕದ ಪಾರ್ಟು ಮಾಡಿದ ಹಾಗಾಗಿ ನಗು ಬಂತು. ಕೊನೆಗೆ ಕೈಹಿಡಿದದ್ದು ಅಮ್ಮನದೇ ಮಾತು. ಚಿಕ್ಕವಳಿದ್ದಾಗ ಹಾಲಿನ ಪಾತ್ರೆ ಉರುಳಿಸಿದರೆ ಅವಳು ಹೇಳುತ್ತಿದ್ದುದು ಇಷ್ಟೇ: "ಆಗಿದ್ದಾಯ್ತು ಬಿಡು ಪುಟ್ಟಿ, ಬಟ್ಟೆ ತಗೊಂಬಾ, ಒರ್ಸು." ಅಳುವುದಕ್ಕೂ ಒಂದು ಕ್ಷಣ ಇತ್ತು, ಒರೆಸುವ ಕೆಲಸವೂ ಇತ್ತು. ಈಗ ತಪ್ಪಾದಾಗ ಆ ಮಾತನ್ನೇ ಅಂದುಕೊಳ್ಳುತ್ತೇನೆ, ಬಾಯಿಬಿಟ್ಟು. ಹುಣ್ಣು ಮೂರು ವಾರದಲ್ಲಿ ಮಾಯಿತು. ಕೆಂಪು ಪೆನ್ನು ಎಲ್ಲಿ ಹೋಯಿತೋ.

ಕೃತಜ್ಞತೆಯ ಡೈರಿಯನ್ನೂ ಶುರು ಮಾಡಿದ್ದೆ. ರಾತ್ರಿಗೆ ಮೂರು ಸಾಲು. ಐದು ರಾತ್ರಿ "ಅಮ್ಮ ಇದ್ದಾಳೆ, ಮನೆ ಇದೆ, ಕೆಲಸ ಇದೆ" ಅಂತಲೇ ಬರೆದು ಶಾಲೆಯ ಇಂಪೊಸಿಷನ್ ನೆನಪಾಗಿ ಬಿಟ್ಟೆ. ಎಮನ್ಸ್ ಮತ್ತು ಮೆಕಲ್ಲೊ ಎಂಬ ಸಂಶೋಧಕರ 2003ರ ಹೆಸರಾಂತ ಪ್ರಯೋಗಗಳಲ್ಲಿ ಒಂದರಲ್ಲಿ ಬರೆಸಿದ್ದು ವಾರಕ್ಕೊಂದೇ ಸಲ, ಹತ್ತು ವಾರ ಅಂತ ಗೊತ್ತಾದಾಗ ಹಗುರವಾಯಿತು. ಈಗ ಭಾನುವಾರ ಮಾತ್ರ ಬರೆಯುತ್ತೇನೆ, ಯಾರು ಏನು ಮಾಡಿದರು ಅಂತ ಬಿಡಿಸಿ. ಬರೆದದ್ದನ್ನು ಅವರಿಗೇ ಹೇಳಬೇಕು ಅನ್ನುವುದು ನಾನೇ ಸೇರಿಸಿಕೊಂಡ ಕಟ್ಟಳೆ.

ಹೇಳುವುದು ಹೇಗೆ? 'ಧನ್ಯವಾದ' ವೇದಿಕೆಯ ಮಾತು, 'ಥ್ಯಾಂಕ್ಸ್' ಚಿಲ್ಲರೆ ತೆಗೆದುಕೊಳ್ಳುವಾಗಿನದು. ನಮ್ಮ ಬೀದಿಗೆ ಸೊಪ್ಪು ತರುವ ಅಜ್ಜಿಯೊಬ್ಬರಿದ್ದಾರೆ. ಮೊದಲು ಕಿಟಕಿಯಿಂದಲೇ ದುಡ್ಡು ಚಾಚಿ ಕಟ್ಟು ಎಳೆದುಕೊಳ್ಳುತ್ತಿದ್ದೆ. ನಳಿಗೆ ತೆಗೆದ ಹೊಸತರಲ್ಲಿ ಅಮ್ಮ ಏನನ್ನೂ ನುಂಗದೆ ಉಗಿಯುತ್ತಿದ್ದಾಗ ಅವರೇ, "ನಿಮ್ಮವ್ವ ಹೆಂಗವ್ರೆ? ಕಿಲ್ಕೀರೆ ಬೇಯ್ಸಿ, ನುಣ್ಣಗೆ ಮಸ್ದು ಕೊಡವ್ವ" ಅಂತ ಕಟ್ಟಿಟ್ಟು ಹೋಗಿದ್ದರು. ನುಂಗುವ ತರಬೇತಿ ಕೊಡುವವರನ್ನು ಕೇಳಿಕೊಂಡು, ಗಟ್ಟಿಯಾಗಿಯೇ ಮಸೆದು ಚಮಚದಲ್ಲಿ ಕೊಟ್ಟೆ. ಅಮ್ಮ ಬಟ್ಟಲು ಮುಗಿಸಿದಳು. ಮಾರನೆಯ ವಾರ ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತು ಹೇಳಿದೆ, "ಬಟ್ಟಲು ಖಾಲಿ ಮಾಡಿದ್ರು ಅಜ್ಜಿ. ನಿಮ್ಮ ಹೊಟ್ಟೆ ತಣ್ಣಗಿರಲಿ." ಅವರು ಸೆರಗಲ್ಲಿ ಬಾಯಿ ಮುಚ್ಚಿ ನಕ್ಕು, ತಮ್ಮ ಅತ್ತೆಯೂ ನಾಲ್ಕು ವರ್ಷ ಮಲಗಿದಲ್ಲೇ ಇದ್ದದ್ದನ್ನು ಹೇಳಿದರು. ಇಷ್ಟು ದಿನ ಕಿಟಕಿಯಾಚೆ ಇದ್ದವರು!

ಎಲ್ಲವೂ ಸೊಪ್ಪಿನಿಂದ ಆಗುವುದಿಲ್ಲ. ನಿದ್ದೆ ಪೂರ್ತಿ ಕೆಟ್ಟಿದ್ದ ದಿನಗಳಲ್ಲಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿದ್ದೇನೆ. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ನಾಚಿಕೊಂಡು ಎರಡು ತಿಂಗಳು ತಡ ಮಾಡಿದ್ದು ದಡ್ಡತನ.

ಅಮ್ಮನಿಗೆ ಒಂದು ಮಾತು ಮರಳಿ ಬಂದಿದೆ: "ಊಟ ಆಯ್ತಾ?" ಹೀಗೆ ಮಾತು ಹೋದವರಲ್ಲೂ ರೂಢಿಯ ಮಾತುಗಳು ಉಳಿದಿರುವುದುಂಟಂತೆ. ಫಿಸಿಯೋಥೆರಪಿಯವರಿಗೆ, ಸಿಲಿಂಡರ್ ತಂದವನಿಗೆ, ಬಾಗಿಲಿಗೆ ಬಂದ ಬೆಕ್ಕಿಗೆ, ಎಲ್ಲರಿಗೂ ಅದೇ. ರಾತ್ರಿ 2ರ ಅಲಾರಂಗೆ ಎದ್ದು ಹೊರಳಿಸುವಾಗ ನನಗೂ. ಹೋದ ವಾರ, "ಈ ಹೊತ್ತಲ್ಲಿ ಏನಮ್ಮ ಊಟ" ಅಂತ ಮತ್ತೆ ರೇಗಿದೆ. ಆಗಿದ್ದಾಯ್ತು. ದಿಂಬು ಸರಿಮಾಡಿ, ಬೆನ್ನಿಗೆ ಒತ್ತು ಕೊಟ್ಟು, ಪಕ್ಕದಲ್ಲಿ ಕೂತೆ. "ಆಯ್ತಮ್ಮ. ಬಸ್ಸಾರು, ಮುದ್ದೆ. ಹಪ್ಪಳ ಸೀದುಹೋಯ್ತು."