‘ಅಡ್ಡಿಲ್ಲೆ’ ಅಂದರೆ ಅಲ್ಲಿಗೇ ಬಿಡಬೇಡಿ: ಎರಡನೇ ಆಲ್ಬಂ ಕೇಳಿಸುವ ಬಗೆ

ನಮ್ಮ ಶಿರಸಿ ಕಡೆ ಯಾರಿಗೆ ಯಾವ ಹಾಡು ಕೇಳಿಸಿದರೂ ಮೊದಲು ಬರುವ ಮಾತು ‘ಅಡ್ಡಿಲ್ಲೆ’. ತುಂಬ ಹಿಡಿಸಿದರೂ ಅದೇ, ಅಷ್ಟಕ್ಕಷ್ಟೇ ಅನ್ನಿಸಿದರೂ ಅದೇ. ನಾಲ್ಕು ಮಳೆಗಾಲದಿಂದ ನಮ್ಮ ಮನೆಯಲ್ಲಿ ಐದಾರು ಜನ ಸೇರಿ ಗಾಥಿಕ್ ರಾಕ್, ಅಂದರೆ ಕತ್ತಲು ಕವಿದ ಹಾಗಿರುವ ಒಂದು ಬಗೆಯ ರಾಕ್ ಸಂಗೀತ ಕೇಳುತ್ತೇವೆ. ಆ ‘ಅಡ್ಡಿಲ್ಲೆ’ ಒಳಗೆ ಏನಿದೆ ಅಂತ ತಿಳಿಯುವುದು ನನಗೆ ಹಾಡಿನಷ್ಟೇ ಇಷ್ಟ.

ಶುರು ಮಾಡುವವರಿಗೆ ನಾನು ಹೇಳುವುದು ದಿ ಸಿಸ್ಟರ್ಸ್ ಆಫ್ ಮರ್ಸಿ. ಇಂಗ್ಲೆಂಡಿನ ಲೀಡ್ಸ್ ಊರಿನ ತಂಡ. ಮೊದಲ ಆಲ್ಬಂ ‘ಫಸ್ಟ್ ಅಂಡ್ ಲಾಸ್ಟ್ ಅಂಡ್ ಆಲ್ವೇಸ್’ ಬಂದಿದ್ದು 1985ರಲ್ಲಿ, ಎರಡನೆಯದು ‘ಫ್ಲಡ್‌ಲ್ಯಾಂಡ್’ 1987ರಲ್ಲಿ. ನಡುವೆ ತಂಡವೇ ಒಡೆಯಿತು. ಗಿಟಾರಿನ ವೇಯ್ನ್ ಹಸ್ಸಿ, ಬೇಸ್ (ತಗ್ಗು ಸ್ವರದ ಗಿಟಾರ್) ನುಡಿಸುತ್ತಿದ್ದ ಕ್ರೇಗ್ ಆಡಮ್ಸ್ ಹೊರಗೆ ಹೋಗಿ ದಿ ಮಿಷನ್ ಅನ್ನುವ ಬೇರೆ ತಂಡ ಕಟ್ಟಿದರು. ಉಳಿದಿದ್ದು ಹಾಡುವ ಆಂಡ್ರೂ ಎಲ್ಡ್ರಿಚ್, ಮತ್ತೆ ಡಾಕ್ಟರ್ ಅವಲಾಂಚ್ ಅಂತ ಹೆಸರಿಟ್ಟ ಒಂದು ಡ್ರಮ್ ಮಷಿನ್, ತಾನೇ ತಾಳ ಬಾರಿಸುವ ಯಂತ್ರ. ಪೆಟ್ರೀಶಿಯಾ ಮಾರಿಸನ್ ಹೊಸದಾಗಿ ಸೇರಿದರು. ಭಾಗವತರೊಬ್ಬರು ಉಳಿದು ಮೇಳದ ಬಾಕಿಯವರೆಲ್ಲ ಬದಲಾದ ಹಾಗೆ. ಕೇಳುವವರು ತಕರಾರು ತೆಗೆಯದೆ ಇರುತ್ತಾರಾ?

ಎರಡೂ ಆಲ್ಬಂ ಒಂದೇ ದಿನ ಹಾಕಲೇಬೇಡಿ. ನಾನು ಹಾಕಿ ಕೆಟ್ಟಿದ್ದೇನೆ. ಎರಡನೆಯದು ಶುರುವಾಗಿ ಐದು ನಿಮಿಷ ಆಗಿರಲಿಲ್ಲ, ಅತ್ತಿಗೆ ‘ಆ ಗಿಟಾರ್ ಎಲ್ಲಿ ಹೋತು?’ ಅಂದರು. ಆಮೇಲೆ ಎಲ್ಲರ ಬಾಯಲ್ಲೂ ‘ಮೊದಲಿನ ಹಂಗೆ ಇಲ್ಲೆ’. ಅದು ಮೊದಲ ಆಲ್ಬಂ ಬಗ್ಗೆ ಆಡಿದ ಮಾತು, ಎರಡನೆಯದರ ಬಗ್ಗೆ ಅಲ್ಲ. ಈಗ ನಡುವೆ ಒಂದು ವಾರ ಬಿಡುತ್ತೇನೆ. ನೋಟ್‌ಬುಕ್ಕಿನಲ್ಲಿ ಎಡಗಡೆ ಪುಟಕ್ಕೆ ‘ಇದು ಇಲ್ಲ’ ಎನ್ನುವ ಮಾತು, ಬಲಗಡೆಗೆ ‘ಇದು ಇದೆ’ ಎನ್ನುವ ಮಾತು. ಮೊದಲ ದಿನ ಎಡಪುಟವೇ ತುಂಬುತ್ತದೆ. ಗಾಬರಿ ಬೇಡ.

ಜಾಗದ ವಿಷಯಕ್ಕೆ ಜಾಸ್ತಿ ಗಮನ ಕೊಡಿ. ಜಗಲಿ ಬೇಡ. ಜುಲೈ ಮಳೆ ಶೀಟಿನ ಮೇಲೆ ಹೊಡೆಯುವಾಗ ಬೇಸ್ ಪೂರ್ತಿ ಮುಳುಗಿ ಹೋಗುತ್ತದೆ, ಈ ಸಂಗೀತ ನಿಂತಿರುವುದೇ ಬೇಸ್ ಮೇಲೆ. ಒಳಗಿನ ಕೋಣೆಯಲ್ಲಿ ಕೂರಿ. ಮೊಬೈಲಿನ ಸ್ಪೀಕರಿನಲ್ಲೂ ಬೇಸ್ ಬರುವುದಿಲ್ಲ. ಬ್ಯಾಟರಿ ಇರುವ ಸ್ಪೀಕರ್ ಬೆಳಿಗ್ಗೆಯೇ ಚಾರ್ಜ್ ಮಾಡಿಡಿ, ಕರೆಂಟು ಯಾವಾಗ ಹೋಗುತ್ತದೋ ಹೇಳಲಾಗದು.

ಹಾಡು ನಡೆಯುವಾಗ ನೀವು ಮಾತಾಡಬೇಡಿ. ಎರಡನೇ ಆಲ್ಬಮ್ಮಿನ ‘ದಿಸ್ ಕೊರೋಷನ್’ ಸುಮಾರು 11 ನಿಮಿಷದ ಹಾಡು, ನಿರ್ಮಾಪಕ ಜಿಮ್ ಸ್ಟೈನ್‌ಮನ್ ಮಾಡಿಸಿದ್ದು, 40 ಜನರ ಕೋರಸ್ ಇದೆ. ಒಮ್ಮೆ ನಾನು ಮೊದಲೇ ‘ಈಗ ಕೋರಸ್ ಬರುತ್ತದೆ, ನೋಡಿ’ ಅಂದುಬಿಟ್ಟೆ. ಎಲ್ಲರೂ ತಲೆಯಾಡಿಸಿದರು. ಅವರು ಒಪ್ಪಿದ್ದು ಹಾಡನ್ನೋ ನನ್ನ ಮಾತನ್ನೋ, ಇವತ್ತಿಗೂ ಗೊತ್ತಾಗಿಲ್ಲ. ಸುಮ್ನೆ ಗಡಿಯಾರ ನೋಡುತ್ತ ಕೂರಿ. ಯಾರು ಯಾವ ನಿಮಿಷಕ್ಕೆ ತಲೆ ಎತ್ತಿದರು, ಯಾರು ಚಾ ನೆಪ ಹೇಳಿ ಎದ್ದರು, ಅದನ್ನು ಬರೆದುಕೊಳ್ಳಿ. ಬಾಯಿ ಹೇಳದ್ದನ್ನು ಅದು ಹೇಳುತ್ತದೆ.

ಮುಗಿದ ಮೇಲೆ ‘ಹೇಗಿತ್ತು?’ ಅಂತ ಕೇಳಿದರೆ ಮತ್ತೆ ಅಡ್ಡಿಲ್ಲೆಯೇ. ‘ಯಾವುದನ್ನು ಇನ್ನೊಮ್ಮೆ ಹಾಕಲಿ?’ ಅಂತ ಕೇಳಿ. ಒಬ್ಬೊಬ್ಬರನ್ನೇ ಬೇರೆ ಕರೆದು ಕೇಳಿದರೆ ಇನ್ನೂ ಒಳ್ಳೆಯದು, ಗುಂಪಿನಲ್ಲಿ ದೊಡ್ಡವರು ಅಂದಿದ್ದೇ ಎಲ್ಲರದ್ದೂ ಆಗುತ್ತದೆ. ಅಪ್ಪಯ್ಯ ಆರಿಸಿದ್ದು ‘1959’ ಅನ್ನುವ ಹಾಡು. ಬರೀ ಪಿಯಾನೋ, ಒಂದು ದನಿ. ‘ಇದರಲ್ಲಿ ಮಾತು ಕೇಳ್ತು’ ಅಂದರು. ಇಂಗ್ಲಿಷ್ ಅಷ್ಟಾಗಿ ಬಾರದವರು! ಆ ಮಾತಿನ ಕೆಳಗೆ ನಾನು ಎರಡು ಗೆರೆ ಎಳೆದೆ.

ಎಂಟು ದಿನ ಬಿಟ್ಟು ಮತ್ತೆ ವಿಚಾರಿಸಿ. ಬಲಗಡೆ ಪುಟ ತುಂಬುವುದು ಆಗಲೇ. ನಮ್ಮ ಭಾವ ಅವತ್ತು ಅರ್ಧಕ್ಕೇ ಎದ್ದು ಹೋಗಿದ್ದ. ಮುಂದಿನ ವಾರ ಮಳೆ ಬಿಟ್ಟ ಹೊತ್ತಿನಲ್ಲಿ ತೋಟಕ್ಕೆ ಮದ್ದು ಹೊಡೆಸುತ್ತಿದ್ದೆವು. ಪೈಪ್ ಹಿಡಿದು ನಿಂತವನು ‘ಲ್ಯೂಕ್ರೀಷಿಯಾ ಮೈ ರಿಫ್ಲೆಕ್ಷನ್’ ಹಾಡಿನ ಬೇಸನ್ನು ಗುನುಗುತ್ತಿದ್ದ, ಒಂದು ಸ್ವರವೂ ತಪ್ಪದೆ. ನಾನು ಏನೂ ಕೇಳಲಿಲ್ಲ. ಮನೆಗೆ ಬಂದು ಕೈ ತೊಳೆದು ತಾರೀಖಿನ ಜೊತೆ ಬರೆದಿಟ್ಟೆ.